ಮತ್ತೆ ಮತ್ತೆ ಕೈಕೊಡುವ ಐವಿಎಫ್: ದೋಷ ಗರ್ಭಕೋಶದ್ದೇ?

ಭ್ರೂಣ ಚೆನ್ನಾಗಿದೆ, ಒಳಪದರವೂ ಚೆನ್ನಾಗಿದೆ ಅಂತಾರೆ. ಆದರೂ ಗರ್ಭ ಕಟ್ಟುತ್ತಿಲ್ಲ. ಇನ್ನೊಂದು ಇಂಜೆಕ್ಷನ್‌ಗೆ ಒಪ್ಪುವ ಮುನ್ನ ನೋಡಬೇಕಾದದ್ದೇನು?

ಭ್ರೂಣವನ್ನು ಗರ್ಭಕೋಶದೊಳಗೆ ಇಡುವ ಟ್ರಾನ್ಸ್‌ಫರ್ ದಿನದ ಕೆಲಸ ಕೆಲವೇ ನಿಮಿಷಗಳದ್ದು. ಸಾಮಾನ್ಯವಾಗಿ ಅರಿವಳಿಕೆಯೂ ಬೇಡ, ಮೂತ್ರಕೋಶ ತುಂಬಿದ್ದರೆ ಸಾಕು. ಮೆತ್ತನೆಯ ತೆಳು ನಳಿಕೆ ಗರ್ಭಕೋಶದ ಬಾಯಿ ದಾಟಿ ಒಳಹೋಗುತ್ತದೆ. ಸ್ಕ್ಯಾನಿಂಗ್ ಪರದೆಯಲ್ಲಿ ಬಿಳಿ ಚುಕ್ಕೆಯೊಂದು ಮಿಂಚುತ್ತದೆ. ಬಹಳ ಮಂದಿ ಅದನ್ನೇ ಭ್ರೂಣ ಎಂದುಕೊಂಡು ಫೋಟೊ ಕೇಳಿ ಪಡೆಯುತ್ತಾರೆ. ನಿಜಕ್ಕೂ ಅದು ಭ್ರೂಣದ ಜೊತೆ ಒಳಸೇರಿದ ಗಾಳಿಗುಳ್ಳೆ. ಭ್ರೂಣ ಸ್ಕ್ಯಾನಿಂಗ್‌ಗೆ ಸಿಗದಷ್ಟು ಚಿಕ್ಕದು. ಆಮೇಲೆ ಹತ್ತು–ಹದಿನಾಲ್ಕು ದಿನಗಳ ಕಾಯುವಿಕೆ. ರಕ್ತ ಪರೀಕ್ಷೆಯ ವರದಿಯಲ್ಲಿ ಬೀಟಾ ಎಚ್‌ಸಿಜಿ 5ಕ್ಕಿಂತ ಕೆಳಗಿದ್ದರೆ ಆ ಬಾರಿಯ ಪ್ರಯತ್ನ ಅಲ್ಲಿಗೆ ಮುಗಿಯಿತು.

ಎರಡು–ಮೂರು ಸಲ ಹೀಗಾದರೆ ಮನೆಯಲ್ಲಿ ತನಿಖೆ ಶುರು. ಮೆಟ್ಟಿಲು ಹತ್ತಿದ್ದೇಕೆ, ಪಪ್ಪಾಯಿ ತಿಂದಳಾ, ಕುಕ್ಕೆಯಲ್ಲಿ ಸರ್ಪಸಂಸ್ಕಾರ ಮಾಡಿಸಿದಿರಾ? ಕೊನೆಗೆ ತೀರ್ಪು: ‘ಅವಳ ಗರ್ಭಕೋಶ ಹಿಡಿದಿಟ್ಟುಕೊಳ್ಳುತ್ತಿಲ್ಲ.’ ಆದರೆ ಈವರೆಗಿನ ಅಧ್ಯಯನಗಳು ಮೊದಲು ಬೊಟ್ಟು ಮಾಡುವುದು ಗರ್ಭಕೋಶದತ್ತ ಅಲ್ಲ, ಭ್ರೂಣದತ್ತ.

ಮೊದಲ ಶಂಕೆ ಭ್ರೂಣದ ಮೇಲೆ

ಐದನೇ ದಿನದ ಭ್ರೂಣಕ್ಕೆ ಬ್ಲಾಸ್ಟೊಸಿಸ್ಟ್ ಎನ್ನುತ್ತಾರೆ. ಅದು ತನ್ನ ಹೊರಕವಚ ಒಡೆದು ಹೊರಬಂದು, ಒಳಪದರಕ್ಕೆ ಅಂಟಿ, ಅದರೊಳಗೆ ಇಳಿಯಬೇಕು. ಪ್ರೊಜೆಸ್ಟೆರಾನ್ ಹಾರ್ಮೋನು ಹದ ಮಾಡಿಟ್ಟ ಒಳಪದರ ಕೆಲವೇ ದಿನ ಇದಕ್ಕೆ ಒಡ್ಡಿಕೊಳ್ಳುತ್ತದೆ. ಇಷ್ಟೆಲ್ಲ ಕೂಡಿಬಂದರೂ, ವರ್ಣತಂತುಗಳ ಲೆಕ್ಕ ತಪ್ಪಿದ್ದರೆ ಭ್ರೂಣ ಹೆಚ್ಚು ದೂರ ಸಾಗದು. ಸಹಜ ಗರ್ಭಧಾರಣೆಯಲ್ಲೂ ಅಷ್ಟೇ: ಎಷ್ಟೋ ಭ್ರೂಣಗಳು ಮುಟ್ಟು ತಪ್ಪುವ ಮೊದಲೇ ಯಾರಿಗೂ ತಿಳಿಯದಂತೆ ಕಳೆದುಹೋಗುತ್ತವೆ.

ಲ್ಯಾಬ್ ವರದಿಯಲ್ಲಿ ‘4ಎಎ’ ಎಂದಿದ್ದರೆ ದಂಪತಿಗೆ ಧೈರ್ಯ ಬರುತ್ತದೆ. ಆ ಗ್ರೇಡ್ ಸೂಕ್ಷ್ಮದರ್ಶಕದಲ್ಲಿ ಕಂಡ ರೂಪಕ್ಕೆ ಕೊಟ್ಟ ಅಂಕ; ಒಳಗೆ 46 ವರ್ಣತಂತುಗಳಿವೆಯೇ ಎಂಬುದನ್ನು ಅದು ಹೇಳದು. ಮಹಿಳೆಯ ವಯಸ್ಸು 35 ದಾಟಿದಂತೆ ಲೆಕ್ಕ ತಪ್ಪಿದ ಭ್ರೂಣಗಳ ಪಾಲು ಏರುತ್ತಾ ಹೋಗಿ, 40ರ ನಂತರ ಅವೇ ಹೆಚ್ಚಾಗುತ್ತವೆ.

2021ರಲ್ಲಿ ಪ್ರಕಟವಾದ ಒಂದು ದೊಡ್ಡ ಅಧ್ಯಯನ ಈ ಮಾತಿಗೆ ಬಲ ಕೊಟ್ಟಿತು. ನಾಲ್ಕು ಸಾವಿರಕ್ಕೂ ಹೆಚ್ಚು ಮಹಿಳೆಯರಿಗೆ ವರ್ಣತಂತು ಪರೀಕ್ಷೆಯಲ್ಲಿ ಪಾಸಾದ ಭ್ರೂಣಗಳನ್ನು ಒಂದೊಂದಾಗಿ, ಮೂರು ಬಾರಿಯವರೆಗೆ ಇಡಲಾಯಿತು. ಸುಮಾರು 95% ಮಂದಿಯಲ್ಲಿ ಒಮ್ಮೆಯಾದರೂ ಭ್ರೂಣ ಅಂಟುತ್ತದೆ ಎಂಬ ಲೆಕ್ಕ ಬಂತು. ಅಂದರೆ ಕಾರಣವೇ ತಿಳಿಯದೆ ಮತ್ತೆ ಮತ್ತೆ ಸೋಲುವವರು ಬೆರಳೆಣಿಕೆಯಷ್ಟು. ಆದರೆ ಅಂಥ ಮೂರು ಭ್ರೂಣ ಸಿಗುವುದೇ ಅನೇಕರಿಗೆ ದೊಡ್ಡ ಮಾತು. ಪಿಜಿಟಿ-ಎ ಎಂಬ ಆ ಪರೀಕ್ಷೆ ಇದ್ದ ಭ್ರೂಣಗಳಲ್ಲಿ ಆಯ್ಕೆ ಮಾಡಲು ನೆರವಾಗುತ್ತದೆಯೇ ಹೊರತು ಕೆಟ್ಟದ್ದನ್ನು ಒಳ್ಳೆಯದು ಮಾಡುವುದಿಲ್ಲ.

ಭ್ರೂಣದಲ್ಲಿ ಅರ್ಧ ಪಾಲು ಗಂಡನದು. ಸಿಗರೇಟು, ಬೊಜ್ಜು, ಹತೋಟಿಯಲ್ಲಿಲ್ಲದ ಸಕ್ಕರೆ ಕಾಯಿಲೆ ವೀರ್ಯಾಣುವನ್ನೂ ಕೆಡಿಸುತ್ತವೆ. ವರ್ಣತಂತುಗಳ ಕ್ಯಾರಿಯೊಟೈಪ್ ಪರೀಕ್ಷೆ ಮಾಡಿಸುವುದಾದರೆ ಇಬ್ಬರಿಗೂ ಮಾಡಿಸಬೇಕು.

ಗರ್ಭಕೋಶದಲ್ಲಿ ಹುಡುಕಬೇಕಾದದ್ದು

ಹಾಗೆಂದು ಗರ್ಭಕೋಶವನ್ನು ನೋಡದೆ ಬಿಡುವಂತಿಲ್ಲ. ಒಳಕ್ಕೆ ಚಾಚಿದ ಫೈಬ್ರಾಯ್ಡ್, ಪಾಲಿಪ್, ಹುಟ್ಟಿನಿಂದಲೇ ಇರುವ ಅಡ್ಡಗೋಡೆ, ಹಿಂದೆ ಗರ್ಭಕೋಶ ಶುಚಿಗೊಳಿಸಲು ಮಾಡಿದ ಡಿ ಆ್ಯಂಡ್ ಸಿಯಿಂದ ಒಂದಕ್ಕೊಂದು ಅಂಟಿದ ಗೋಡೆಗಳು, ಗರ್ಭಕೋಶದೊಳಗೆ ಕ್ಯಾಮೆರಾ ಇಳಿಸಿ ನೋಡುವ ಹಿಸ್ಟರೋಸ್ಕೋಪಿಯಲ್ಲಿ ಕಾಣುತ್ತವೆ. ಎಷ್ಟೋ ಸಲ ಅಲ್ಲೇ ಸರಿಪಡಿಸಲೂ ಆಗುತ್ತದೆ. ಗರ್ಭನಾಳದಲ್ಲಿ ನೀರು ತುಂಬಿದ್ದರೆ ಅದು ಗರ್ಭಕೋಶಕ್ಕೆ ಜಿನುಗಿ ಭ್ರೂಣಕ್ಕೆ ಮುಳುವಾಗುತ್ತದೆ. ಅಂಥ ನಾಳವನ್ನು ತೆಗೆದು ಅಥವಾ ಕಟ್ಟಿ ಮುಂದುವರಿದರೆ ಯಶಸ್ಸು ಹೆಚ್ಚುವುದು ಖಚಿತಪಟ್ಟಿದೆ.

ನಮ್ಮ ದೇಶದಲ್ಲಿ ಮರೆಯಬಾರದ ಹೆಸರು ಕ್ಷಯ. ಕೆಮ್ಮಿಲ್ಲದೆ, ಜ್ವರವಿಲ್ಲದೆ ಟಿಬಿ ಗರ್ಭನಾಳ ಮತ್ತು ಒಳಪದರವನ್ನು ಹಾಳುಮಾಡಬಲ್ಲದು. ಒಳಪದರ 7 ಮಿಲಿಮೀಟರ್ ಮುಟ್ಟದೆ ತೆಳುವಾಗಿಯೇ ಉಳಿದರೆ ಈ ದಿಕ್ಕಿನಲ್ಲೂ ನೋಡಬೇಕು. ಒಳಪದರದ ಸದ್ದಿಲ್ಲದ ಉರಿಯೂತವನ್ನು ಬಯಾಪ್ಸಿಯಲ್ಲಿ ಪತ್ತೆಹಚ್ಚಿ, ಆ್ಯಂಟಿಬಯೊಟಿಕ್ ಕೊಡುತ್ತಾರೆ. ಒಳಪದರದ ಅಂಗಾಂಶ ಗರ್ಭಕೋಶದ ಸ್ನಾಯುವಿನೊಳಗೆ ಬೆಳೆಯುವ ಅಡಿನೊಮಯೋಸಿಸ್ ಇದ್ದರೆ ಕೆಲವರಿಗೆ ಟ್ರಾನ್ಸ್‌ಫರ್‌ಗೆ ಮುನ್ನ ಹಾರ್ಮೋನು ತಡೆಯುವ ಇಂಜೆಕ್ಷನ್ ಕೊಟ್ಟು ಗರ್ಭಕೋಶಕ್ಕೆ ವಿಶ್ರಾಂತಿ ನೀಡುವುದುಂಟು. ಥೈರಾಯ್ಡ್ ಮತ್ತು ಪ್ರೊಜೆಸ್ಟೆರಾನ್ ಮಟ್ಟವನ್ನೂ ನೋಡಬೇಕು. ರಕ್ತ ಹೆಪ್ಪುಗಟ್ಟಿಸುವ ಆ್ಯಂಟಿಫಾಸ್ಫೊಲಿಪಿಡ್ ಸಿಂಡ್ರೋಮ್ ಅನ್ನು ಒಂದೇ ವರದಿಯಿಂದ ನಿರ್ಧರಿಸುವಂತಿಲ್ಲ. 12 ವಾರ ಬಿಟ್ಟು ಪರೀಕ್ಷೆಯನ್ನು ಮತ್ತೆ ಮಾಡಿಸಬೇಕು.

ಬಿಲ್ ಏರಿಸುವ ಆ್ಯಡ್-ಆನ್‌ಗಳು

ಮುಳುಗುವವನಿಗೆ ಹುಲ್ಲುಕಡ್ಡಿಯೂ ಆಸರೆ. ಸೋತ ದಂಪತಿಯ ಮುಂದೆ ಇಂಥ ಕಡ್ಡಿಗಳ ಪಟ್ಟಿಯೇ ಇರುತ್ತದೆ. ಒಳಪದರವನ್ನು ಗೀರಿದರೆ ಭ್ರೂಣ ಅಂಟುತ್ತದೆ ಎಂಬ ನಂಬಿಕೆ ವರ್ಷಗಟ್ಟಲೆ ನಡೆಯಿತು. 1,364 ಮಹಿಳೆಯರ ಮೇಲೆ ನಡೆದು 2019ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಗೀರಿದವರಿಗೂ ಗೀರದವರಿಗೂ ಮಗು ಹುಟ್ಟಿದ ಪ್ರಮಾಣ ಒಂದೇ: 26.1%. ಟ್ರಾನ್ಸ್‌ಫರ್‌ಗೆ ‘ಸರಿಯಾದ ಗಳಿಗೆ’ ಹೇಳುವ ಇಆರ್‌ಎ ಮಾದರಿಯ ಪರೀಕ್ಷೆಯ ಕಥೆಯೂ ಅದೇ. 2022ರ ಪ್ರಯೋಗದಲ್ಲಿ ಅದನ್ನು ಅನುಸರಿಸಿದವರಲ್ಲಿ 58.5%, ಅನುಸರಿಸದವರಲ್ಲಿ 61.9% ಮಂದಿಗೆ ಮಗುವಾಯಿತು. ಮತ್ತೆ ಮತ್ತೆ ಸೋತವರಿಗೇ ಸ್ಟಿರಾಯ್ಡ್ ಮಾತ್ರೆ ಕೊಟ್ಟು ಚೀನಾದಲ್ಲಿ ನಡೆಸಿದ ಪ್ರಯೋಗದಲ್ಲೂ ಲಾಭ ಕಾಣಲಿಲ್ಲ. ಇಂಟ್ರಾಲಿಪಿಡ್ ಡ್ರಿಪ್, ದುಬಾರಿ ಇಮ್ಯುನೊಗ್ಲಾಬ್ಯುಲಿನ್‌ಗಳನ್ನು ಯುರೋಪಿನ ತಜ್ಞರ ಸಂಘ ಇಎಸ್‌ಎಚ್‌ಆರ್‌ಇ ತನ್ನ 2023ರ ಶಿಫಾರಸಿನಲ್ಲಿ ಒಪ್ಪಿಲ್ಲ. ಟ್ರಾನ್ಸ್‌ಫರ್ ನಂತರ ಹಾಸಿಗೆ ಹಿಡಿದು ಮಲಗುವುದರಿಂದಲೂ ಪ್ರಯೋಜನವಿಲ್ಲ.

ಎಷ್ಟು ಸೋತರೆ ‘ಪದೇ ಪದೇ’ ಎನ್ನಬೇಕು? ಎಲ್ಲರಿಗೂ ಒಂದೇ ಸಂಖ್ಯೆ ಇಲ್ಲ ಎನ್ನುತ್ತದೆ ಅದೇ ಶಿಫಾರಸು. ದಂಪತಿಯ ವಯಸ್ಸು, ಭ್ರೂಣದ ಸ್ಥಿತಿ ನೋಡಿದರೆ ಇಷ್ಟು ಟ್ರಾನ್ಸ್‌ಫರ್‌ಗಳಲ್ಲಿ ಒಮ್ಮೆಯಾದರೂ ಅಂಟುವ ಸಾಧ್ಯತೆ 60% ದಾಟಿರಬೇಕಿತ್ತು, ಆದರೂ ಅಂಟಿಲ್ಲ ಎಂದಾಗ ಹೆಚ್ಚಿನ ತಪಾಸಣೆಗೆ ಹೊರಡಬೇಕು. 30ರ ಹೆಣ್ಣಿಗೂ 42ರ ಹೆಣ್ಣಿಗೂ ಈ ಲೆಕ್ಕ ಬೇರೆ. 42ರವರಿಗೆ ಎರಡು ಸೋಲು ರೋಗವಲ್ಲ, ವಯಸ್ಸಿನ ಗಣಿತ. ಅವರಿಗೆ ಇನ್ನೊಂದು ಡ್ರಿಪ್‌ಗಿಂತ ದಾನಿಯ ಅಂಡಾಣುವಿನ ಬಗ್ಗೆ, ಅಥವಾ ಇಲ್ಲಿಗೆ ನಿಲ್ಲಿಸುವ ಬಗ್ಗೆ ನೇರ ಮಾತು ಬೇಕು. ಯಶಸ್ಸಿನ ಸಾಧ್ಯತೆ, ಖರ್ಚು, ಅಪಾಯಗಳನ್ನು ದಂಪತಿಗೆ ಮೊದಲೇ ತಿಳಿಸುವುದು 2021ರ ಎಆರ್‌ಟಿ ಕಾಯ್ದೆಯ ಪ್ರಕಾರ ಕ್ಲಿನಿಕ್‌ನ ಹೊಣೆ. ಆ ಮಾತನ್ನು ಗಂಡ ಹೆಂಡತಿ ಇಬ್ಬರೂ ಒಟ್ಟಿಗೆ ಕೂತು ಕೇಳಿಸಿಕೊಳ್ಳಬೇಕು.

ಮುಂದಿನ ಟ್ರಾನ್ಸ್‌ಫರ್‌ಗೆ ಮುನ್ನ ಡಾಕ್ಟರನ್ನು ಕೇಳಿ

• ಹಿಂದೆ ಇಟ್ಟ ಭ್ರೂಣಗಳು ಎಷ್ಟನೇ ದಿನದವು, ಯಾವ ಗ್ರೇಡಿನವು? ಬರಹದಲ್ಲಿ ಕೊಡಿ.
• ಹಿಸ್ಟರೋಸ್ಕೋಪಿ ಆಗಿದೆಯೇ? ಗರ್ಭನಾಳದಲ್ಲಿ ನೀರಿಲ್ಲ ಎಂಬುದು ಖಾತ್ರಿಯೇ?
• ಗಂಡನಿಗೆ ವೀರ್ಯ ಪರೀಕ್ಷೆ ಬಿಟ್ಟು ಮತ್ತೇನು ತಪಾಸಣೆಯಾಗಿದೆ?
• ನೀವು ಹೇಳುವ ಈ ಹೊಸ ಚಿಕಿತ್ಸೆಯಿಂದ ಮಗು ಹುಟ್ಟುವ ಪ್ರಮಾಣ ಹೆಚ್ಚಿದೆ ಎಂದು ಯಾವ ಪ್ರಯೋಗದಲ್ಲಿ ಕಂಡಿದೆ?
• ನಮ್ಮ ವಯಸ್ಸಿಗೆ ಇನ್ನೆಷ್ಟು ಬಾರಿ ಪ್ರಯತ್ನಿಸುವುದರಲ್ಲಿ ಅರ್ಥವಿದೆ?