ಮದುವೆಯ ಹಕ್ಕು: ಕೋರ್ಟಿನಿಂದಲೋ, ತಿದ್ದುಪಡಿಯಿಂದಲೋ?

ಕಾಸರಗೋಡು ಕೇರಳಕ್ಕೆ ಸೇರಿದ 1956ರ ನವೆಂಬರ್ 1ರಂದೇ ನಾರಾಯಣಪೇಟೆ, ಮಕ್ತಲ್, ಗದ್ವಾಲ್‌ಗಳು ಮಹಬೂಬನಗರ ಜಿಲ್ಲೆಯೊಂದಿಗೆ ಆಂಧ್ರಪ್ರದೇಶದ ಪಾಲಾದವು. ಈಗ ಅವು ತೆಲಂಗಾಣದಲ್ಲಿವೆ. ಸೀರೆಗಳಿಗೆ ಹೆಸರಾದ ಆ ಕಡೆಯ ಕನ್ನಡ ಮನೆಗಳಿಗೂ ನಮಗೂ ಇರುವುದು ಒಂದೇ ದಿನದ ಹಣೆಬರಹದ ನಂಟು. ಅದೇ ವರ್ಷ ಸಂವಿಧಾನದ ಏಳನೆಯ ತಿದ್ದುಪಡಿಯು 350ಎ ವಿಧಿಯನ್ನು ಸೇರಿಸಿ, ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಶಿಕ್ಷಣ ಒದಗಿಸಲು ರಾಜ್ಯಗಳು ಯತ್ನಿಸಬೇಕೆಂದಿತು. ಯತ್ನಿಸಬೇಕು! ಆ ಕ್ರಿಯಾಪದದ ತೂಕವೆಷ್ಟೆಂದು ಕನ್ನಡ ಮಾಧ್ಯಮದ ಅಧ್ಯಾಪಕರಾದ ನಾವು ಬಲ್ಲೆವು.

ಆದುದರಿಂದ ಸಲಿಂಗ ವಿವಾಹದ ಹಕ್ಕು ನ್ಯಾಯಾಲಯದಿಂದ ಬರಬೇಕೇ, ಸಂವಿಧಾನದ ತಿದ್ದುಪಡಿಯಿಂದ ಬರಬೇಕೇ ಎಂಬ ಚರ್ಚೆಯೆದ್ದಾಗ, ತಿದ್ದುಪಡಿಯೆಂಬ ಮಾತಿಗೆ ನಾವು ಒಡನೆ ತಲೆದೂಗಲಾರೆವು.

ಹಾಗಾದರೆ ಕೋರ್ಟೇ ಸರಿಯೇ? ತೆಲಂಗಾಣ ಪ್ರದೇಶದಲ್ಲಿ ನಿಜಾಮರ ಕಾಲದ ಒಂದು ಕಾಯ್ದೆಯಿತ್ತು. ಫಸಲಿ 1329ರದು, ಎಂದರೆ 1919ರ ಸುಮಾರಿನದು. ಹಿಜಡಾಗಳ ಹೆಸರನ್ನು ರಿಜಿಸ್ಟರಿನಲ್ಲಿ ಬರೆದಿಡಬೇಕು. ಹೆಣ್ಣುಡುಗೆ ತೊಟ್ಟು ಬೀದಿಯಲ್ಲಿ ಕಾಣಿಸಿಕೊಂಡರೆ ವಾರಂಟಿಲ್ಲದೆ ಹಿಡಿಯಬಹುದು. ಸ್ವಾತಂತ್ರ್ಯ ಬಂತು, ಸಂವಿಧಾನ ಬಂತು, ರಾಜ್ಯಗಳು ಕೂಡಿದವು, ಒಡೆದವು. ಯಾವ ಶಾಸನಸಭೆಯೂ ಅದನ್ನು ಕಿತ್ತೊಗೆಯಲಿಲ್ಲ. ಸಂಖ್ಯೆ ಕಡಿಮೆಯಿದ್ದವರ ಅಹವಾಲು ಶಾಸಕರಿಗೆ ಕೇಳಿಸುವುದು ಅಷ್ಟರಲ್ಲೇ ಇದೆ. ಕೊನೆಗೆ 2023ರ ಜುಲೈಯಲ್ಲಿ ತೆಲಂಗಾಣ ಹೈಕೋರ್ಟು ಅದನ್ನು ರದ್ದುಪಡಿಸಿತು.

ಮೂರೇ ತಿಂಗಳಲ್ಲಿ, ಅಕ್ಟೋಬರ್ 17ರಂದು, ಸುಪ್ರೀಂ ಕೋರ್ಟು ಸಲಿಂಗ ವಿವಾಹದ ವಿಷಯದಲ್ಲಿ ಕೈಚೆಲ್ಲಿತು. ಈ ಪ್ರಕರಣದ ಮೊದಲ ಅರ್ಜಿದಾರರು ಹೈದರಾಬಾದಿನ ಜೋಡಿ. ಮದುವೆ ಮೂಲಭೂತ ಹಕ್ಕಲ್ಲವೆಂದು ಐವರು ನ್ಯಾಯಮೂರ್ತಿಗಳೂ ಹೇಳಿದರು. ಸಹಬಾಳ್ವೆಗೆ ಕಾನೂನಿನ ಮನ್ನಣೆ ಕೊಡುವ ಮಾತಿಗೆ ಮೂವರು ಒಪ್ಪಲಿಲ್ಲ, ಇಬ್ಬರು ಒಪ್ಪಿದರು. 2025ರ ಜನವರಿಯಲ್ಲಿ ಮರುಪರಿಶೀಲನೆಯ ಅರ್ಜಿಗಳೂ ವಜಾ ಆದವು. ಶಾಸನ ಮಾಡುವುದು ಸಂಸತ್ತಿನ ಕೆಲಸ ಎಂಬುದೇ ತೀರ್ಪಿನ ಸಾರ.

ಇಲ್ಲಿ ಬಹಳ ಮಂದಿ ಎಡವುತ್ತಾರೆ. ಇದಕ್ಕೆ ಸಂವಿಧಾನವನ್ನು ತಿದ್ದಲೇಬೇಕೆಂದಿಲ್ಲ. 368ನೆಯ ವಿಧಿ ಕೇಳುವ ಮೂರನೆಯ ಎರಡು ಬಹುಮತ ಬೇಕಿಲ್ಲ. ವರನಿಗೆ 21, ವಧುವಿಗೆ 18 ಎಂದು ಗಂಡು ಹೆಣ್ಣನ್ನೇ ಕಣ್ಣೆದುರಿಟ್ಟು ಬರೆದ 1954ರ ವಿಶೇಷ ವಿವಾಹ ಕಾಯ್ದೆಯನ್ನು ಸಾಮಾನ್ಯ ಬಹುಮತದಿಂದಲೇ ಬದಲಿಸಬಹುದು. ಐರ್ಲೆಂಡಿನವರು 2015ರಲ್ಲಿ ಜನಮತ ಪಡೆದು ಸಂವಿಧಾನವನ್ನೇ ತಿದ್ದಿದರು. ಅದು ಅವರ ದಾರಿ. ತೈವಾನಿನಲ್ಲಿ 2017ರಲ್ಲಿ ನ್ಯಾಯಾಲಯ ಎರಡು ವರ್ಷದ ಗಡುವು ಕೊಟ್ಟಿತು, 2019ರಲ್ಲಿ ಶಾಸನಸಭೆ ಕಾನೂನು ಮಾಡಿತು. ನಮಗೆ ಒಪ್ಪುವುದು ಈ ಎರಡನೆಯ ರೀತಿ. ನಮ್ಮ ನ್ಯಾಯಾಲಯ ಮಾತ್ರ ಗಡುವು ಕೊಡಲಿಲ್ಲ.

ನಮ್ಮ ಮನೆಗಳ ಹಿರಿಯರಿಗೆ ಈ ಮದುವೆಯ ಮಾತೇ ಹಿಡಿಸದು, ಬಲ್ಲೆವು. ಆದರೆ ಹಿಡಿಸುವುದು ಬೇರೆ, ಹಕ್ಕು ಬೇರೆ. ನಮ್ಮ ಕನ್ನಡ ಶಾಲೆಯೂ ಎಲ್ಲರಿಗೂ ಹಿಡಿಸಿದ್ದೇನಲ್ಲ. ಇಬ್ಬರೂ ಸೇರಿ ಬ್ಯಾಂಕ್ ಖಾತೆ ತೆರೆಯಲು ಅಡ್ಡಿಯಿಲ್ಲವೆಂದು ಕೇಂದ್ರ 2024ರ ಆಗಸ್ಟಿನಲ್ಲಿ ಸ್ಪಷ್ಟಪಡಿಸಿದೆ. ಉಯಿಲು ಬರೆಯದೆ ಒಬ್ಬರು ತೀರಿಕೊಂಡರೆ, ಗಂಡ ಹೆಂಡತಿಗೆ ಬರುವ ವಾರಸು ಇನ್ನೊಬ್ಬರಿಗೆ ಇನ್ನೂ ಇಲ್ಲ.