ಅವಧಿಗೆ ಮುನ್ನ ಮನೆ ಬಿಟ್ಟರೆ ಅಡ್ವಾನ್ಸ್ ಗತಿಯೇನು?

ಬೆಂಗಳೂರಿನಲ್ಲಿ ಬಾಡಿಗೆ ಮನೆಯ ಜಗಳ ಸಾಮಾನ್ಯವಾಗಿ ಹೊತ್ತಿಕೊಳ್ಳುವುದು ಮನೆ ಖಾಲಿ ಮಾಡುವಾಗ, ಅದೂ ಅಡ್ವಾನ್ಸ್ ವಿಷಯಕ್ಕೆ. ಹತ್ತು ತಿಂಗಳ ಬಾಡಿಗೆಯನ್ನು ಮೊದಲೇ ಎಣಿಸಿಕೊಡುವುದು ಈ ಊರಿನ ಹಳೆಯ ರೂಢಿ. ವರ್ಗಾವಣೆ ಬಂತು, ಕೆಲಸ ಹೋಯಿತು, ಊರಲ್ಲಿ ಅಪ್ಪನಿಗೆ ಹುಷಾರಿಲ್ಲ. ಬಾಡಿಗೆದಾರ ನಾಲ್ಕೇ ತಿಂಗಳಿಗೆ ಹೊರಡಬೇಕಾಗುತ್ತದೆ. ಆಗ ಓನರ್, ಇಂತಿಷ್ಟು ತಿಂಗಳು ಮನೆ ಬಿಡುವಂತಿಲ್ಲ ಎನ್ನುವ ಕರಾರಿನ ‘ಲಾಕ್-ಇನ್’ ಕಲಮಿಗೆ ಬೆರಳಿಟ್ಟು, ಉಳಿದ ತಿಂಗಳುಗಳ ಬಾಡಿಗೆಯನ್ನೂ ಹಿಡಿದುಕೊಳ್ಳುತ್ತೇನೆ ಎನ್ನುತ್ತಾರೆ.

ಹಾಗೆ ಹಿಡಿದುಕೊಳ್ಳಬಹುದೇ?

ಬಾಡಿಗೆ 20,000, ಅಡ್ವಾನ್ಸ್ 2 ಲಕ್ಷ, ಲಾಕ್-ಇನ್ 11 ತಿಂಗಳು ಎಂದಿಟ್ಟುಕೊಳ್ಳೋಣ. ನಾಲ್ಕು ತಿಂಗಳಿಗೆ ಬಿಟ್ಟರೆ ಓನರ್ ಲೆಕ್ಕದಲ್ಲಿ 1,40,000 ರೂಪಾಯಿ ಕಡಿತ. ಆದರೆ ಟು-ಲೆಟ್ ಬೋರ್ಡ್ ತೂಗಿದ ಒಂದೇ ತಿಂಗಳಲ್ಲಿ ಅದೇ ಬಾಡಿಗೆಗೆ ಬೇರೆಯವರು ಬಂದರೆ ಆದ ನಷ್ಟ ಒಂದು ತಿಂಗಳ ಬಾಡಿಗೆ, ಬೇಕಿದ್ದರೆ ಬ್ರೋಕರ್ ಕಮಿಷನ್. 1872ರ ಭಾರತೀಯ ಕರಾರು ಕಾಯ್ದೆಯ 74ನೇ ಕಲಮು ಹೇಳುವುದು ಇದನ್ನೇ: ಕರಾರಿನಲ್ಲಿ ಬರೆದ ದಂಡದ ಮೊತ್ತ ಗರಿಷ್ಠ ಮಿತಿ ಮಾತ್ರ, ಅದರೊಳಗೆ ನ್ಯಾಯವಾದ ಪರಿಹಾರವಷ್ಟೇ ಸಲ್ಲಬೇಕು. ಫತೇ ಚಂದ್ ಪ್ರಕರಣದಲ್ಲಿ 1963ರಲ್ಲೂ, ಕೈಲಾಶ್ ನಾಥ್ ಪ್ರಕರಣದಲ್ಲಿ 2015ರಲ್ಲೂ ಸುಪ್ರೀಂ ಕೋರ್ಟ್ ಈ ಕಲಮನ್ನು ವಿವರಿಸಿದೆ. ಆ ಎರಡೂ ಜಮೀನು, ನಿವೇಶನದ ವ್ಯಾಜ್ಯಗಳು. ಆದರೂ ಠೇವಣಿ ಮುಟ್ಟುಗೋಲಿನ ಮಾತು ಬಂದಲ್ಲೆಲ್ಲ ವಕೀಲರು ಅವನ್ನೇ ಎತ್ತುತ್ತಾರೆ. ಹಾಗೆಂದು ಲಾಕ್-ಇನ್ ಬರೀ ಕಾಗದದ ಮಾತಲ್ಲ. ನೋಟಿಸ್ ಕೊಡದೆ ರಾತ್ರೋರಾತ್ರಿ ಬೀಗದ ಕೈ ಬಿಸಾಕಿ ಹೋದವರಿಗೆ ಕಾನೂನಿನ ಸಹಾನುಭೂತಿ ಸಿಗುವುದು ಕಷ್ಟ.

1999ರ ಕರ್ನಾಟಕ ಬಾಡಿಗೆ ಕಾಯ್ದೆ ನೆರವಿಗೆ ಬರುತ್ತದೆಂದು ಹಲವರು ನಂಬಿದ್ದಾರೆ. ಬೆಂಗಳೂರಿನಲ್ಲಿ ತಿಂಗಳಿಗೆ 3,500 ರೂಪಾಯಿ ಮೀರಿದ ಮನೆಗಳು ಅದರ ವ್ಯಾಪ್ತಿಯಿಂದ ಹೊರಗೆ. ಹೀಗಾಗಿ ಇಬ್ಬರ ನಡುವಿನ ಕರಾರೇ ಮುಖ್ಯ ಆಧಾರ. ಸಹಿ ಹಾಕುವ ಮುನ್ನ ‘ಎರಡು ತಿಂಗಳ ನೋಟಿಸ್ ಕೊಟ್ಟು ಬಿಡಬಹುದು’ ಎಂಬ ಒಂದು ಸಾಲು ಸೇರಿಸಿಕೊಂಡವರಿಗೆ ಮುಂದಿನ ಅರ್ಧ ತಲೆನೋವು ಇಲ್ಲ.

ಇನ್ನು ಪೇಂಟಿಂಗ್. ಖಾಲಿ ಮಾಡುವಾಗ ಒಂದು ತಿಂಗಳ ಬಾಡಿಗೆ ಮುರಿದುಕೊಳ್ಳುವುದು ಪದ್ಧತಿಯೇ ಆಗಿದೆ. ಕರಾರಿನಲ್ಲಿ ಬರೆದಿದ್ದರೆ ಒಪ್ಪಿದಂತೆಯೇ. ಬರೆಯದಿದ್ದಾಗ 1882ರ ಸ್ವತ್ತು ವರ್ಗಾವಣೆ ಕಾಯ್ದೆಯನ್ನು ನೆನಪಿಸಬೇಕು: ಸಹಜ ಸವಕಳಿಗೆ ಬಾಡಿಗೆದಾರ ಹೊಣೆಯಲ್ಲ. ಬಿಸಿಲಿಗೆ ಮಂಕಾದ ಗೋಡೆ ಸವಕಳಿ. ಡ್ರಿಲ್ ಹೊಡೆದು ಒಡೆದ ಬಾತ್‌ರೂಮ್ ಟೈಲ್ಸ್ ಹಾನಿ. ಮನೆ ಸೇರಿದ ದಿನವೂ ಬಿಡುವ ದಿನವೂ ಗೋಡೆ, ನಲ್ಲಿ, ಸ್ವಿಚ್ ಬೋರ್ಡ್, ಬೆಸ್ಕಾಂ ಮೀಟರಿನ ರೀಡಿಂಗ್ ಎಲ್ಲವನ್ನೂ ಮೊಬೈಲಿನಲ್ಲಿ ಹಿಡಿದಿಟ್ಟುಕೊಂಡರೆ ಯಾವುದು ಯಾವುದೆಂಬ ವಾದ ಬೇಗ ಮುಗಿಯುತ್ತದೆ. ನೋಟಿಸನ್ನು ಬಾಯಿಮಾತಿನಲ್ಲಿ ಬಿಡದೆ ವಾಟ್ಸ್ಆ್ಯಪ್ ಜೊತೆಗೆ ಸ್ಪೀಡ್ ಪೋಸ್ಟಿನಲ್ಲೂ ಕಳಿಸುವುದು ಕ್ಷೇಮ. ಬದಲಿ ಬಾಡಿಗೆದಾರರನ್ನು ತಾವೇ ಹುಡುಕಿಕೊಟ್ಟವರ ಮಾತಿಗೆ ತೂಕ ಹೆಚ್ಚು, ಏಕೆಂದರೆ ಆಗ ಓನರ್‌ಗೆ ನಷ್ಟವಾಯಿತೆಂದು ತೋರಿಸುವುದೇ ಕಷ್ಟ.

ಇಷ್ಟಾಗಿಯೂ ದುಡ್ಡು ಬಾರದಿದ್ದರೆ ವಕೀಲರ ನೋಟಿಸ್, ಆಮೇಲೆ ಸಿವಿಲ್ ದಾವೆ. ಹಣ ವಸೂಲಿಗೆ ಸಾಮಾನ್ಯವಾಗಿ ಮೂರು ವರ್ಷದ ಕಾಲಮಿತಿ ಇದೆ. ಅದಕ್ಕೂ ಮೊದಲು ತಾಲ್ಲೂಕು ಅಥವಾ ಜಿಲ್ಲಾ ಕಾನೂನು ಸೇವೆಗಳ ಕಚೇರಿಗೆ ಅರ್ಜಿ ಕೊಟ್ಟು, ದಾವೆ ಹೂಡದೆಯೇ ಲೋಕ ಅದಾಲತ್‌ನಲ್ಲಿ ರಾಜಿಗೆ ಕೂರಬಹುದು. ಅಲ್ಲಿ ಇಬ್ಬರೂ ಒಪ್ಪಿದ ತೀರ್ಮಾನ ಸಿವಿಲ್ ಕೋರ್ಟಿನ ಡಿಕ್ರಿಗೆ ಸಮ, ಅದಕ್ಕೆ ಮೇಲ್ಮನವಿಯಿಲ್ಲ. ಮಹಿಳೆಯರಿಗೆ ಆದಾಯ ಎಷ್ಟೇ ಇದ್ದರೂ ಉಚಿತ ಕಾನೂನು ನೆರವಿನ ಹಕ್ಕಿದೆ; ವಿಚಾರಿಸಲು ಸಹಾಯವಾಣಿ 15100.