ಅಂಗಳದ ಹುಲ್ಲುಹಾಸು ಮತ್ತು ಬೆಳಕಿನ ಬೀಗ

ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರುಗಳಂಥ ಊರುಗಳಲ್ಲಿ ಮನೆಯ ಮುಂದೆ ನಾಲ್ಕು ಮಾರು ಜಾಗವಿದ್ದವರು ಅಲ್ಲಿ ಗರಿಕೆಯ ಹಾಸನ್ನು ಬೆಳೆಸುವುದುಂಟು. ಮುಂಗಾರಿನ ಎರಡು ಮಳೆ ಬಿದ್ದವೆಂದರೆ ಸಾಕು, ಗರಿಕೆಯ ನಡುವೆ ಬಗೆಬಗೆಯ ಕಳೆಗಳು ತಲೆಯೆತ್ತುತ್ತವೆ. ಈ ಭಾನುವಾರ ಕುಳಿತು ಕಿತ್ತರೆ ಮುಂದಿನ ಭಾನುವಾರಕ್ಕೆ ಅವು ಮತ್ತೆ ಹಾಜರು. ಬೇಸತ್ತು ಇಡೀ ಹಾಸನ್ನೇ ನೆಲಮಟ್ಟಕ್ಕೆ ಕತ್ತರಿಸಿಬಿಡುತ್ತೇವೆ. ಆಗ ಕಳೆ ಹೆಚ್ಚುವುದೇ ಹೊರತು ಕುಗ್ಗುವುದಿಲ್ಲ. ಇದೇಕೆ ಹೀಗೆ? ಭೌತವಿಜ್ಞಾನದ ಪಾಠ ಹೇಳುವ ನಾವು ಗಿಡಮರಗಳ ವಿಷಯಕ್ಕೆ ಕೈಹಾಕುವುದು ಅಧಿಕಪ್ರಸಂಗವೆನಿಸಬಹುದು. ಆದರೆ ಈ ಪ್ರಶ್ನೆಯ ಉತ್ತರದ ಬಹುಭಾಗ ಬೆಳಕು ಮತ್ತು ಶಾಖಗಳಲ್ಲಿಯೇ ಅಡಗಿದೆ.

ಮೊದಲು ಬೀಜದಿಂದ ಬರುವ ಕಳೆಗಳನ್ನು ನೋಡೋಣ. ಇವುಗಳಲ್ಲಿ ನಮಗೆಲ್ಲ ಪರಿಚಿತವಾದುದು ಕಾಂಗ್ರೆಸ್ ಹುಲ್ಲು, ಎಂದರೆ ಪಾರ್ಥೇನಿಯಂ. ಉಷ್ಣವಲಯದ ಅಮೆರಿಕದಿಂದ ಬಂದ ಈ ಗಿಡ ೧೯೫೦ರ ದಶಕದಲ್ಲಿ ಪುಣೆಯಲ್ಲಿ ಕಂಡುಬಂದು, ಅನಂತರ ನಾಡನ್ನೆಲ್ಲ ವ್ಯಾಪಿಸಿತು. ಇದರ ಸೋಂಕಿನಿಂದ ಕೆಲವರಿಗೆ ಚರ್ಮದಲ್ಲಿ ತುರಿಕಚ್ಚಿಯಂಥ ಬೇನೆಯೂ ಕೆಲವರಿಗೆ ಉಬ್ಬಸವೂ ಉಂಟಾಗುತ್ತವೆ. ಇದನ್ನು ತಿನ್ನುವ ಮೆಕ್ಸಿಕೊ ದೇಶದ ಜೀರುಂಡೆಯನ್ನು ೧೯೮೪ರಲ್ಲಿ ಬೆಂಗಳೂರಿನಲ್ಲಿ ಬಿಡಲಾಯಿತು. ಜೀರುಂಡೆ ನೆಲೆಯೂರಿತಾದರೂ ಗಿಡ ತೊಲಗಲಿಲ್ಲ. ಒಂದು ಗಿಡ ೧೫,೦೦೦ಕ್ಕೂ ಹೆಚ್ಚು ಬೀಜಗಳನ್ನು ಉದುರಿಸಬಲ್ಲದು. ಹೀಗೆ ಉದುರಿದ ಬೀಜಗಳೆಲ್ಲ ಒಮ್ಮೆಗೇ ಮೊಳೆಯುವುದಿಲ್ಲ. ಎಷ್ಟೋ ಬೀಜಗಳು ಮಣ್ಣಿನಲ್ಲಿ ವರ್ಷಗಟ್ಟಲೆ ಕಾದಿರುತ್ತವೆ. ನಾವು ಕಿತ್ತ ಗಿಡ ಮತ್ತೆ ಬರುವುದಿಲ್ಲ. ಅದರ ಜಾಗಕ್ಕೆ ಬರುವುದು ಕಾದಿದ್ದ ಮತ್ತೊಂದು.

ಬೀಜಗಳು ಕಾಯುವುದು ಯಾವುದಕ್ಕಾಗಿ? ನೀರಿಗಾಗಿ ಎಂಬುದು ನಿಜ. ಆದರೆ ಹಲವು ಸಣ್ಣ ಬೀಜಗಳಿಗೆ ಬೆಳಕಿನ ಅಪ್ಪಣೆಯೂ ಬೇಕು. ೧೯೫೨ರಲ್ಲಿ ಅಮೆರಿಕದ ಬೆಲ್ಟ್ಸ್‌ವಿಲ್ ಸಂಶೋಧನಾಲಯದ ಬೋರ್ಥ್ವಿಕ್, ಹೆಂಡ್ರಿಕ್ಸ್ ಮತ್ತು ಅವರ ಸಂಗಡಿಗರು ಲೆಟಿಸ್ ಸೊಪ್ಪಿನ ಒದ್ದೆ ಬೀಜಗಳ ಮೇಲೆ ಕೆಂಪು ಬೆಳಕನ್ನು ಹಾಯಿಸಿದರು. ಬೀಜಗಳು ಮೊಳೆತವು. ಕೆಂಪಿನ ಬೆನ್ನಿಗೇ, ಕೆಂಪಿಗಿಂತ ಉದ್ದನೆಯ ಅಲೆಗಳುಳ್ಳ, ಕಣ್ಣಿಗೆ ಕಂಡೂ ಕಾಣದಂತಿರುವ ‘ದೂರಗೆಂಪು’ ಬೆಳಕನ್ನು ಹಾಯಿಸಿದಾಗ ಬಹುಪಾಲು ಬೀಜಗಳು ಮೊಳೆಯಲಿಲ್ಲ. ಎಷ್ಟು ಸಲ ಅದಲುಬದಲು ಮಾಡಿದರೂ ಕೊನೆಗೆ ಬಿದ್ದ ಬೆಳಕಿನ ಮಾತೇ ನಡೆಯಿತು. ಬೀಜದೊಳಗಿನ ಫೈಟೊಕ್ರೋಮ್ ಎಂಬ ವಸ್ತು ಬೀಗದಂತೆ ಕೆಲಸಮಾಡುತ್ತದೆ. ಸುಮಾರು ೬೬೦ ನ್ಯಾನೊಮೀಟರ್ ಅಲೆಯುದ್ದದ ಕೆಂಪು ಅದನ್ನು ತೆರೆಯುತ್ತದೆ. ಸುಮಾರು ೭೩೦ ನ್ಯಾನೊಮೀಟರಿನ ದೂರಗೆಂಪು ಅದನ್ನು ಮುಚ್ಚುತ್ತದೆ.

ಈಗ ಹುಲ್ಲಿನ ಅಡಿಗೆ ಇಳಿಯೋಣ. ಬಯಲಿನ ಬಿಸಿಲಿನಲ್ಲಿ ಈ ಎರಡು ಬೆಳಕುಗಳೂ ಹೆಚ್ಚುಕಡಮೆ ಸಮನಾಗಿರುತ್ತವೆ. ಎಲೆಯ ಪತ್ರಹರಿತ್ತು ಕೆಂಪನ್ನು ಹೀರಿಕೊಂಡು ದೂರಗೆಂಪನ್ನು ಬಹುಮಟ್ಟಿಗೆ ಹಾಯಗೊಡುತ್ತದೆ. ಆದುದರಿಂದ ದಟ್ಟವಾದ ಗರಿಕೆಯ ಕೆಳಗಿನ ಮಣ್ಣಿಗೆ ಬೆಳಕು ಕಡಮೆಯಾಗುವುದಷ್ಟೇ ಅಲ್ಲ, ಬೆಳಕಿನ ಬಣ್ಣವೇ ಬದಲಾಗುತ್ತದೆ. ಅಲ್ಲಿ ಬೀಗ ಮುಚ್ಚಿದಂತೆಯೇ ಇರುತ್ತದೆ. ಹೇಗೋ ಮೊಳೆತ ಸಸಿಯೂ ಬೆಳಕಿಲ್ಲದೆ ಸೊರಗುತ್ತದೆ. ಹುಲ್ಲನ್ನು ಬೋಳಿಸಿದೆವೆಂದರೆ ಸಾವಿರಾರು ಬೀಗಗಳನ್ನು ನಾವೇ ತೆರೆದಂತೆ! ಗರಿಕೆಯನ್ನು ಎರಡು ಅಂಗುಲದಷ್ಟು ಎತ್ತರ ಉಳಿಸಬೇಕು. ಒಮ್ಮೆಗೆ ಅದರ ಎತ್ತರದ ಮೂರರಲ್ಲೊಂದು ಪಾಲಿಗಿಂತ ಹೆಚ್ಚು ಕತ್ತರಿಸಬಾರದು. ಆದರೆ ಗರಿಕೆಯೂ ಬಿಸಿಲಿನ ಕೂಸೇ. ಚನ್ನಗಿರಿಯ ಕಡೆಯಂತೆ ಅಡಕೆ, ಮಾವುಗಳ ನೆರಳು ಬೀಳುವ ಅಂಗಳದಲ್ಲಿ ಅದು ತಾನೇ ತೆಳುವಾಗಿ ಕಳೆಗೆ ದಾರಿಮಾಡಿಕೊಡುತ್ತದೆ.

ಜೇಕಿನ ರೀತಿಯೇ ಬೇರೆ. ತುಂಗೆ, ಕೊನ್ನಾರಿ ಎಂದೂ ಕರೆಯುವ ಇದರ ಹೂದಂಟನ್ನು ಬೆರಳುಗಳ ನಡುವೆ ಉರುಳಿಸಿದರೆ ಮೂರು ಮೂಲೆಗಳು ತಾಕುತ್ತವೆ. ಇದು ಬರುವುದು ಹೆಚ್ಚಾಗಿ ಬೀಜದಿಂದಲ್ಲ, ನೆಲದೊಳಗೆ ಸರಪಳಿಯಂತೆ ಹೆಣೆದುಕೊಂಡ ಗಡ್ಡೆಗಳಿಂದ. ಗಡ್ಡೆಯಲ್ಲಿ ಪಿಷ್ಟದ ಗಂಟು ಇರುವುದರಿಂದ ಚಿಗುರು ಕತ್ತಲನ್ನು ಲೆಕ್ಕಿಸದೆ ಮೇಲೇರುತ್ತದೆ. ಎಲೆಯನ್ನು ಕಿತ್ತರೆ ಗಡ್ಡೆ ಒಳಗೇ ಉಳಿಯುತ್ತದೆ. ಗುದ್ದಲಿಯಿಂದ ಕಡಿದು ಸರಪಳಿಯನ್ನು ತುಂಡುಮಾಡಿದರೆ ಸುಮ್ಮನಿದ್ದ ಗಡ್ಡೆಗಳೂ ಚಿಗುರುತ್ತವೆ. ಆದುದರಿಂದ ಹೊಸ ಗಡ್ಡೆ ಕಟ್ಟುವ ಮೊದಲೇ, ಎರಡು ಮೂರು ವಾರಕ್ಕೊಮ್ಮೆ, ಗಡ್ಡೆಸಹಿತ ಅಗೆದು ತೆಗೆಯುತ್ತಿರಬೇಕು. ಖರ್ಚಾದ ಪಿಷ್ಟ ಮತ್ತೆ ತುಂಬಲು ಅವಕಾಶ ಕೊಡದಿರುವುದೇ ಇಲ್ಲಿಯ ಗುಟ್ಟು.

ಈ ಕೆಲಸದಲ್ಲಿ ಊರಿನ ಹವೆಯೂ ಪಾಲುಗೊಳ್ಳುತ್ತದೆ. ಜಗಳೂರಿನ ಒಣ ಬೇಸಗೆಯಲ್ಲಿ ಅಗೆದ ಗಡ್ಡೆಗಳನ್ನು ಬಿಸಿಲಿಗೆ ಹರವಿದರೆ ಅವು ನೀರು ಕಳೆದುಕೊಂಡು ಸಾಯುತ್ತವೆ. ಭದ್ರಾ ಕಾಲುವೆಯ ಬಳಿಯ ತೇವದ ನೆಲದಲ್ಲಿ ಬಿಟ್ಟ ಗಡ್ಡೆ ಮತ್ತೆ ಬೇರೂರುತ್ತದೆ. ಅಲ್ಲಿ ಅವನ್ನು ಆರಿಸಿ ಹೊರಹಾಕಲೇಬೇಕು. ಹೊಸದಾಗಿ ಹಾಸು ಬೆಳೆಸುವವರಿಗೆ ಇನ್ನೊಂದು ಉಪಾಯವುಂಟು. ಏಪ್ರಿಲ್–ಮೇ ತಿಂಗಳಲ್ಲಿ ನೆಲವನ್ನು ನೆನೆಸಿ, ಪಾರದರ್ಶಕ ಪಾಲಿಥೀನ್ ಹಾಳೆಯನ್ನು ಹೊದಿಸಿ, ಅಂಚುಗಳಿಗೆ ಮಣ್ಣು ಮುಚ್ಚಿ ನಾಲ್ಕರಿಂದ ಆರು ವಾರ ಬಿಡಬೇಕು. ಬೆಳಕು ಒಳಹೊಕ್ಕು ಮಣ್ಣನ್ನು ಕಾಯಿಸುತ್ತದೆ. ಹಾಳೆಯ ಒಳಮೈಗೆ ಕಟ್ಟಿದ ನೀರಹನಿಗಳು ಮಣ್ಣಿನ ಶಾಖಕಿರಣಗಳನ್ನು ತಡೆಯುತ್ತವೆ. ಮೇಲ್ಪದರದ ಎಷ್ಟೋ ಬೀಜಗಳು ಬೆಂದುಹೋಗುತ್ತವೆ. ಆಳದ ಜೇಕಿನ ಗಡ್ಡೆಗಳು ಮಾತ್ರ ಬದುಕಿಕೊಳ್ಳಬಹುದು.

ಔಷಧ ಸಿಂಪಡಿಸಿದರೆ ಸಾಲದೆ ಎಂದು ಕೆಲವರು ಕೇಳಬಹುದು. ೨,೪-ಡಿ ಎಂಬ ಕಳೆನಾಶಕ ಅಗಲ ಎಲೆಯ ಗಿಡಗಳನ್ನು ಕೊಂದು ಹುಲ್ಲನ್ನು ಉಳಿಸುತ್ತದೆ, ನಿಜ. ಆದರೆ ಹನಿ ನಮ್ಮ ಅಂಗಳದಲ್ಲಿಯೇ ನಿಲ್ಲುವುದೆ? ತೀರ ಸಣ್ಣ ಹನಿಗಳ ವ್ಯಾಸ ಅರ್ಧವಾದರೆ ಅವು ಬೀಳುವ ವೇಗ ಕಾಲುಭಾಗಕ್ಕೆ ಇಳಿಯುತ್ತದೆ; ಅಷ್ಟು ಹೊತ್ತು ಗಾಳಿ ಅವನ್ನು ಒಯ್ಯುತ್ತಿರುತ್ತದೆ. ನೆರೆಯ ಹೊಲದ ಹತ್ತಿಗೆ ಇದು ಸ್ವಲ್ಪ ಸೋಕಿದರೂ ಎಲೆ ಮುರುಟಿಕೊಳ್ಳುತ್ತದೆ. ಮನೆಯಂಗಳಕ್ಕೆ ಕೈಗಳೇ ಸಾಕು. ಪಾರ್ಥೇನಿಯಂ ಅನ್ನು ಹೂಬಿಡುವ ಮೊದಲು, ಕೈಗೆ ಗವಸು ತೊಟ್ಟು, ಬೇರುಸಹಿತ ಕೀಳಬೇಕು.

ವಿದ್ಯಾರ್ಥಿಗಳು ನಮ್ಮ ಮಾತನ್ನು ಸುಮ್ಮನೆ ನಂಬಬೇಕಾಗಿಲ್ಲ. ಮುಂದಿನ ಮಳೆಗಾಲದಲ್ಲಿ ಹುಲ್ಲುಹಾಸಿನ ಮೇಲೆ ಒಂದೊಂದು ಮೊಳ ಉದ್ದಗಲದ ಎರಡು ಚೌಕಗಳನ್ನು ಗುರುತಿಸಿರಿ. ಒಂದನ್ನು ನೆಲಮಟ್ಟಕ್ಕೆ ಕತ್ತರಿಸಿರಿ. ಇನ್ನೊಂದನ್ನು ಎರಡು ಅಂಗುಲ ಬಿಡಿರಿ. ನಾಲ್ಕು ವಾರ, ವಾರಕ್ಕೊಮ್ಮೆ, ಹೊಸ ಸಸಿಗಳನ್ನು ಎಣಿಸಿ ಬರೆದಿಡಿರಿ. ಬೆಳಕಿನ ಬೀಗ ನಿಮ್ಮ ಅಂಗಳದಲ್ಲಿ ಎಷ್ಟು ಭದ್ರವಾಗಿದೆ ಎಂಬುದನ್ನು ಆ ಲೆಕ್ಕವೇ ತಿಳಿಸುವುದು.